ಡೆಮೊ ರಿಪೋರ್ಟ್‌ನ ಸಂಖ್ಯೆಗಳು ಯಾಕೆ ತಾಳೆಯಾಗುವುದಿಲ್ಲ, ಯಾರಿಗೆ ಏನನ್ನು ಕಳಿಸಬೇಕು

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೀಸೇಲ್ಸ್ (ಮಾರಾಟಕ್ಕೆ ಮುನ್ನ ಗ್ರಾಹಕರಿಗೆ ತೋರಿಸಿ ವಿವರಿಸುವ) ಕೆಲಸ ಮಾಡುತ್ತೇನೆ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾರುತ್ತೇವೆ. ಕ್ಲಿಕ್ ಮಾಡುತ್ತಾ ನೋಡುವಂಥ ಇಂಟರಾಕ್ಟಿವ್ ಡೆಮೊ ತಯಾರಿಸಿ ಅದರ ಲಿಂಕ್ ಕಳಿಸುತ್ತೇವೆ. ಪ್ರತಿ ಸೋಮವಾರ ಆ ಡೆಮೊ ಸಾಫ್ಟ್‌ವೇರ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿಯ ಫೈಲ್) ಇಳಿಸಿ, ಎಕ್ಸೆಲ್‌ನಲ್ಲಿ ತೆರೆದು, ಮ್ಯಾನೇಜರಿಗೂ ಸೇಲ್ಸ್‌ನವರಿಗೂ ಮೇಲ್ ಮಾಡುವುದು ನನ್ನ ಕೆಲಸ. ಡ್ಯಾಶ್‌ಬೋರ್ಡ್‌ನಲ್ಲಿ 412 ವೀಕ್ಷಣೆ ಅಂತಿದ್ದರೆ ನನ್ನ ಶೀಟ್‌ನಲ್ಲಿ 388 ಬರುತ್ತದೆ, ಗ್ರಾಹಕರ ದಾಖಲೆ ಇಡುವ ಸಿಆರ್‌ಎಂ ಸಾಫ್ಟ್‌ವೇರ್‌ನಲ್ಲಿ ಇನ್ನೂ ಕಡಿಮೆ. ಯಾವುದು ಸರಿ ಎಂದು ಮ್ಯಾನೇಜರು ಕೇಳುತ್ತಾರೆ. ಕನ್ನಡದಲ್ಲಿ ತುಂಬಿದ ಸಂಘಗಳ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ಒಡೆದುಹೋಗುತ್ತವೆ. ಫೈಲ್ ಕಳಿಸುವುದು ಒಳ್ಳೆಯದೋ, ಲೈವ್ ಲಿಂಕ್ ಕೊಡುವುದೋ? ಇನ್ನೊಂದು: ಒಂದು ಸಂಘದ ಕಾರ್ಯದರ್ಶಿಗಳು "ನಮ್ಮ ನಿರ್ದೇಶಕರಲ್ಲಿ ಯಾರ್‍ಯಾರು ಡೆಮೊ ನೋಡಿದರು, ಪಟ್ಟಿ ಕಳಿಸಿ" ಎಂದು ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ನಿಮ್ಮ ಮೂರೂ ಸಂಖ್ಯೆಗಳು ಸರಿಯೇ ಇರಬಹುದು. ಡ್ಯಾಶ್‌ಬೋರ್ಡ್ ಸೆಷನ್‌ಗಳನ್ನು, ಅಂದರೆ ಡೆಮೊ ತೆರೆದ ಪ್ರತಿ ಸಲವನ್ನೂ, ಎಣಿಸುತ್ತದೆ, ಸಿಎಸ್‌ವಿ ನೀವು ಆ ಕ್ಷಣದಲ್ಲಿ ಹಾಕಿದ್ದ ಫಿಲ್ಟರ್ ಮತ್ತು ತಾರೀಖಿನ ಮಿತಿಯೊಳಗಿನ ಸಾಲುಗಳನ್ನು ಕೊಡುತ್ತದೆ, ಸಿಆರ್‌ಎಂ ಇಮೇಲ್ ಗೊತ್ತಿರುವವರನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಮೊದಲು ಬಿಡಬೇಕಾದ ಅಭ್ಯಾಸವೆಂದರೆ ಡ್ಯಾಶ್‌ಬೋರ್ಡ್‌ನ ಮೊತ್ತವನ್ನು ನೋಡಿ ರಿಪೋರ್ಟ್‌ಗೆ ಬರೆದುಕೊಳ್ಳುವುದು. ಸ್ಟೋರಿಲೇನ್, ನ್ಯಾವಾಟಿಕ್, ವಾಲ್ನಟ್, ಕನ್ಸೆನ್ಸಸ್, ನೀವು ಬಳಸುವ ಡೆಮೊ ಸಾಫ್ಟ್‌ವೇರ್ ಯಾವುದೇ ಇರಲಿ, ಅದು ಕೊಡುವ ಅತ್ಯಂತ ಬಿಡಿಬಿಡಿಯಾದ ಎಕ್ಸ್‌ಪೋರ್ಟ್ ಯಾವುದೋ ಅದನ್ನೇ ತೆಗೆಯಿರಿ. ಅಂದರೆ ಒಂದು ಸೆಷನ್‌ಗೆ ಒಂದು ಸಾಲು. ಸಿಗುವುದಾದರೆ ಒಂದು ಸ್ಕ್ರೀನ್‌ಗೆ ಒಂದು ಸಾಲು. ರಿಪೋರ್ಟ್‌ನ ಪ್ರತಿ ಸಂಖ್ಯೆಯೂ ಆ ಸಾಲುಗಳಿಂದಲೇ ಹುಟ್ಟಬೇಕು. ಆಗ ಯಾರು ಕೇಳಿದರೂ ಆ ಸಂಖ್ಯೆಯ ಹಿಂದಿನ ಸಾಲುಗಳನ್ನು ತೋರಿಸಿ ಉತ್ತರಿಸಬಹುದು.

ಒಂದು ಉದಾಹರಣೆ ಹಾಕಿ ನೋಡೋಣ. 12 ಸ್ಕ್ರೀನ್‌ಗಳ ಒಂದು ಡೆಮೊವನ್ನು ಬೆಳಿಗ್ಗೆ 10 ಗಂಟೆಗೆ ಒಂದು ಸಂಘಕ್ಕೆ ಮೇಲ್ ಮಾಡಿದಿರಿ ಎಂದುಕೊಳ್ಳಿ. ಸಂಜೆ ಎಕ್ಸ್‌ಪೋರ್ಟ್‌ನಲ್ಲಿ ಐದು ಸಾಲು ಬಂದಿವೆ. ಮೊದಲನೆಯದು 10:02ಕ್ಕೆ, 2 ಸೆಕೆಂಡ್, ಒಂದೇ ಸ್ಕ್ರೀನ್, ಇಮೇಲ್ ಖಾಲಿ. ಎರಡನೆಯದು 10:41ಕ್ಕೆ ಕಾರ್ಯದರ್ಶಿಗಳ ಇಮೇಲ್‌ನಿಂದ, 4 ನಿಮಿಷ 10 ಸೆಕೆಂಡ್, 12 ಸ್ಕ್ರೀನ್. ಮೂರನೆಯದು 10:58ಕ್ಕೆ ಒಂದು ಮೊಬೈಲ್‌ನಿಂದ, 35 ಸೆಕೆಂಡ್, ಮೂರು ಸ್ಕ್ರೀನ್, ಇಮೇಲ್ ಖಾಲಿ. ನಾಲ್ಕನೆಯದು 11:20ಕ್ಕೆ ಲೆಕ್ಕಿಗರ ಇಮೇಲ್‌ನಿಂದ, 47 ನಿಮಿಷ, ಐದು ಸ್ಕ್ರೀನ್. ಐದನೆಯದು ಮಧ್ಯಾಹ್ನ 3:05ಕ್ಕೆ, 1 ನಿಮಿಷ 20 ಸೆಕೆಂಡ್, 12 ಸ್ಕ್ರೀನ್: ಲಿಂಕ್ ಸರಿಯಿದೆಯೇ ಎಂದು ನೋಡಿದ ನಿಮ್ಮದೇ ಸೇಲ್ಸ್ ಸಹೋದ್ಯೋಗಿ.

ಡ್ಯಾಶ್‌ಬೋರ್ಡ್ ಇದನ್ನು 5 ವೀಕ್ಷಣೆ, ಸರಾಸರಿ 10 ನಿಮಿಷ 37 ಸೆಕೆಂಡ್, ಪೂರ್ಣಗೊಂಡದ್ದು ಶೇ 40 ಎಂದು ತೋರಿಸುತ್ತದೆ. ಆದರೆ ಹತ್ತೂವರೆ ನಿಮಿಷದ ಆಸುಪಾಸಿನಲ್ಲಿ ಯಾರೂ ನೋಡಿಲ್ಲ. ಎರಡು ಸೆಕೆಂಡಿನದು ಮನುಷ್ಯರೇ ಅಲ್ಲ, ಮೇಲ್ ಸರ್ವರ್‌ನ ಸುರಕ್ಷತಾ ಸ್ಕ್ಯಾನರ್. ಮೊಬೈಲ್‌ನದು ಬಹುಶಃ ಕಾರ್ಯದರ್ಶಿಗಳೇ. 47 ನಿಮಿಷದ್ದು ತೆರೆದು ಬಿಟ್ಟುಹೋದ ಟ್ಯಾಬ್. ಕೊನೆಯದು ನಿಮ್ಮವರದು. ಉಳಿಯುವುದು ಒಂದು ಸಂಘ, ಇಬ್ಬರು ಮನುಷ್ಯರು, ಅವರಲ್ಲಿ ಒಬ್ಬರು ಕೊನೆತನಕ ನೋಡಿದವರು. ಸೇಲ್ಸ್‌ನವರಿಗೆ ಬೇಕಾದ ಮಾಹಿತಿ ಇಷ್ಟೇ. ಜೊತೆಗೆ, ಲೆಕ್ಕಿಗರು ಐದನೇ ಸ್ಕ್ರೀನ್‌ನಲ್ಲಿ ನಿಂತರು ಎಂಬುದು. ಅದು ಬಡ್ಡಿ ಲೆಕ್ಕದ ಸ್ಕ್ರೀನ್ ಆಗಿದ್ದರೆ ಮುಂದಿನ ಫೋನ್‌ನಲ್ಲಿ ಏನು ಮಾತಾಡಬೇಕೆಂದು ಅಲ್ಲೇ ಗೊತ್ತಾಯಿತು.

ಸಮಯದ ಲೆಕ್ಕಕ್ಕೆ ಸರಾಸರಿಯನ್ನು ಬಿಟ್ಟು ಮಧ್ಯಾಂಕ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಬಳಸಿ. ಎಕ್ಸೆಲ್‌ನಲ್ಲಿ ಮೀಡಿಯನ್ ಫಂಕ್ಷನ್ ಇದೆ. ಮೇಲಿನ ಐದು ಸಾಲುಗಳ ಮಧ್ಯಾಂಕ 1 ನಿಮಿಷ 20 ಸೆಕೆಂಡ್, ತೆರೆದುಬಿಟ್ಟ ಟ್ಯಾಬ್ ಅದನ್ನು ಅಲುಗಿಸಲಿಲ್ಲ. ಸ್ಕ್ರೀನ್‌ವಾರು ಸಮಯ ಸಿಗುವುದಾದರೆ ಒಂದು ಸ್ಕ್ರೀನ್‌ಗೆ ಗರಿಷ್ಠ ಮಿತಿ ಹಾಕಿ, ಉದಾಹರಣೆಗೆ 3 ನಿಮಿಷ. ಅದಕ್ಕಿಂತ ಹೆಚ್ಚಿರುವುದನ್ನು 3 ನಿಮಿಷವೆಂದೇ ಎಣಿಸಿ. ಮಿತಿ ಎಷ್ಟೆಂಬುದು ಅಷ್ಟು ಮುಖ್ಯವಲ್ಲ, ಪ್ರತಿ ವಾರ ಅದೇ ಇರಬೇಕು ಎಂಬುದು ಮುಖ್ಯ.

ಇನ್ನು ಯಾವ ಸಾಲನ್ನು ಕಳೆಯಬೇಕು ಎಂಬುದು. ಮೈಕ್ರೋಸಾಫ್ಟ್ ಡಿಫೆಂಡರ್‌ನ ಸೇಫ್ ಲಿಂಕ್ಸ್, ಪ್ರೂಫ್‌ಪಾಯಿಂಟ್, ಮೈಮ್‌ಕಾಸ್ಟ್‌ನಂಥ ವ್ಯವಸ್ಥೆಗಳು ಮೇಲ್‌ನಲ್ಲಿರುವ ಲಿಂಕ್‌ಗಳನ್ನು ಪರೀಕ್ಷಿಸುತ್ತವೆ, ಕೆಲವೊಮ್ಮೆ ಪೂರ್ತಿ ಬ್ರೌಸರನ್ನೇ ಓಡಿಸಿ ಪುಟ ತೆರೆದು ನೋಡುತ್ತವೆ. ಹಾಗೆ ತೆರೆದಾಗ ಡೆಮೊ ಸಾಫ್ಟ್‌ವೇರ್‌ಗೆ ಅದು ಒಬ್ಬ ವೀಕ್ಷಕನಂತೆಯೇ ಕಾಣುತ್ತದೆ. ಅದರ ಗುರುತು ಮೂರು: ಮೇಲ್ ಹೋದ ಕೆಲವೇ ನಿಮಿಷಗಳೊಳಗೆ ಬರುತ್ತದೆ, ಐದು ಸೆಕೆಂಡಿಗಿಂತ ಕಡಿಮೆ ಇರುತ್ತದೆ, ಒಂದೂ ಕ್ಲಿಕ್ ಇರುವುದಿಲ್ಲ. ಊರಿನ ಕಾಲಂನಲ್ಲಿ ಸಂಬಂಧವೇ ಇಲ್ಲದ ಡೇಟಾ ಸೆಂಟರಿನ ಊರು ಬಂದಿದ್ದರೆ ಅನುಮಾನವೇ ಬೇಡ. ವಾಟ್ಸಾಪ್‌ನಲ್ಲಿ ಲಿಂಕ್ ಹಾಕಿದಾಗ ಪ್ರಿವ್ಯೂ ಚಿತ್ರಕ್ಕಾಗಿ ಪುಟವನ್ನು ಓದುವುದು ಬೇರೆ ಬಗೆ. ಅದು ಸಾಮಾನ್ಯವಾಗಿ ಸ್ಕ್ರಿಪ್ಟ್ ಓಡಿಸುವುದಿಲ್ಲವಾದ್ದರಿಂದ ಎಣಿಕೆಗೆ ಸೇರುವುದೂ ಅಪರೂಪ. ಎಣಿಕೆಯ ನಿಯಮವಾಗಿ "ಕನಿಷ್ಠ 10 ಸೆಕೆಂಡ್ ಅಥವಾ ಕನಿಷ್ಠ ಎರಡು ಸ್ಕ್ರೀನ್" ಎಂದಿಟ್ಟುಕೊಂಡರೆ ಬಹುಪಾಲು ಸ್ಕ್ಯಾನರ್‌ಗಳು ಸೋಸಿಹೋಗುತ್ತವೆ, ನಿಜವಾದ ನೋಡುಗರು ಉಳಿಯುತ್ತಾರೆ.

ನಿಮ್ಮವರದೇ ವೀಕ್ಷಣೆ ಇನ್ನೊಂದು ದೊಡ್ಡ ಕಲಬೆರಕೆ. ಕಚೇರಿಯ ಐಪಿ ವಿಳಾಸವನ್ನು ಮಾತ್ರ ಹೊರಗಿಟ್ಟರೆ ಮನೆಯಿಂದ ಕೆಲಸ ಮಾಡುವವರು, ಸಂಘದ ಕಚೇರಿಯಲ್ಲೇ ಕೂತು ತೋರಿಸುವವರು ತಪ್ಪಿಸಿಕೊಳ್ಳುತ್ತಾರೆ. ಕಂಪನಿಯ ಇಮೇಲ್ ಡೊಮೈನನ್ನೂ ಹೊರಗಿಡಿ. ಅದಕ್ಕಿಂತ ಒಳ್ಳೆಯದು, ಪರೀಕ್ಷಿಸಲು ಪ್ರಿವ್ಯೂ ಲಿಂಕ್ ಮಾತ್ರ ಬಳಸಬೇಕು, ಗ್ರಾಹಕರಿಗೆ ಕಳಿಸಿದ ಲಿಂಕನ್ನು ನಮ್ಮವರು ತೆರೆಯಬಾರದು ಎಂಬ ನಿಯಮ. ಇಲ್ಲೊಂದು ಸೂಕ್ಷ್ಮವಿದೆ: ಕೆಲವು ಕಡೆ "ಆಂತರಿಕ ವೀಕ್ಷಣೆ ಬೇಡ" ಎಂಬ ಫಿಲ್ಟರ್ ಡ್ಯಾಶ್‌ಬೋರ್ಡ್‌ಗಷ್ಟೇ ಅನ್ವಯಿಸಿ ಎಕ್ಸ್‌ಪೋರ್ಟ್‌ಗೆ ಅನ್ವಯಿಸುವುದಿಲ್ಲ, ಕೆಲವು ಕಡೆ ಅದರ ಉಲ್ಟಾ. ನಿಮ್ಮ 412 ಮತ್ತು 388ರ ನಡುವಿನ 24 ಇಲ್ಲಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಪರೀಕ್ಷೆ ಸುಲಭ: ಒಂದೇ ಡೆಮೊ, ಒಂದೇ ದಿನ ಆರಿಸಿ, ಎಲ್ಲ ಫಿಲ್ಟರ್ ತೆಗೆದು ಡ್ಯಾಶ್‌ಬೋರ್ಡ್ ಸಂಖ್ಯೆಯನ್ನೂ ಎಕ್ಸ್‌ಪೋರ್ಟ್ ಸಾಲುಗಳನ್ನೂ ಹೋಲಿಸಿ. ತಾಳೆಯಾದರೆ ಒಂದೊಂದೇ ಫಿಲ್ಟರ್ ಹಾಕುತ್ತಾ ಬನ್ನಿ, ಯಾವುದರಲ್ಲಿ ಬೇರ್ಪಡುತ್ತದೋ ಅಲ್ಲಿದೆ ಕಾರಣ.

ಫಿಲ್ಟರ್ ಇಲ್ಲದೆಯೂ ತಾಳೆಯಾಗದಿದ್ದರೆ ಟೈಮ್ ಝೋನ್ ನೋಡಿ. ಅಮೆರಿಕದಲ್ಲಿ ತಯಾರಾದ ಸಾಫ್ಟ್‌ವೇರ್‌ನಲ್ಲಿ ಖಾತೆಯ ಟೈಮ್ ಝೋನ್ ಅಲ್ಲಿನ ಪೆಸಿಫಿಕ್ ಸಮಯಕ್ಕೆ ಇಟ್ಟಿರುವುದು ಉಂಟು, ಎಕ್ಸ್‌ಪೋರ್ಟ್ ಮಾತ್ರ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರುವುದೂ ಉಂಟು. ಭಾರತದ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಯುಟಿಸಿ ಫೈಲ್‌ನಲ್ಲಿ ರಾತ್ರಿ 12ರಿಂದ ಬೆಳಗಿನ 5:30ರ ತನಕದ ವೀಕ್ಷಣೆಗಳು ಹಿಂದಿನ ದಿನಕ್ಕೆ ಹೋಗುತ್ತವೆ. ನಿಮ್ಮ ಗ್ರಾಹಕರು ಆ ಹೊತ್ತಿನಲ್ಲಿ ನೋಡುವುದು ಕಡಿಮೆ, ನಷ್ಟವೂ ಕಡಿಮೆ. ಪೆಸಿಫಿಕ್ ಸಮಯದ್ದು ಹಾಗಲ್ಲ. ಅಲ್ಲಿನ ಬೇಸಿಗೆಯಲ್ಲಿ ನಾವು 12 ಗಂಟೆ 30 ನಿಮಿಷ ಮುಂದೆ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ. ಸೋಮವಾರ ಬೆಳಿಗ್ಗೆ 11ಕ್ಕೆ ಸಂಘದಲ್ಲಿ ನೋಡಿದ ಡೆಮೊ ಅಲ್ಲಿನ ಲೆಕ್ಕದಲ್ಲಿ ಭಾನುವಾರ ರಾತ್ರಿಯದು, ಅಂದರೆ ಹಿಂದಿನ ವಾರದ್ದು. ಏಪ್ರಿಲ್ 1ರ ಬೆಳಗಿನ ವೀಕ್ಷಣೆಗಳೆಲ್ಲ ಮಾರ್ಚ್ 31ಕ್ಕೆ, ಹಿಂದಿನ ಆರ್ಥಿಕ ವರ್ಷಕ್ಕೆ ಸೇರುತ್ತವೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಗಡಿಯಾರ ಬದಲಾಗುವುದರಿಂದ ಒಂದೇ ವ್ಯತ್ಯಾಸವನ್ನು ವರ್ಷವಿಡೀ ಕೂಡಿಸಿದರೂ ತಪ್ಪಾಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಟೈಮ್ ಝೋನನ್ನು ಕೋಲ್ಕತಾ ಎಂದು ಬದಲಿಸಲು ಅಡ್ಮಿನ್‌ಗೆ ಹೇಳಿ. ಎಕ್ಸ್‌ಪೋರ್ಟ್ ಆಗಲೂ ಯುಟಿಸಿಯಲ್ಲೇ ಬಂದರೆ ಪಕ್ಕದ ಕಾಲಂನಲ್ಲಿ ಮೂಲ ಸಮಯಕ್ಕೆ 5.5 ಭಾಗಿಸು 24 ಅನ್ನು ಕೂಡಿಸಿ. ಎಕ್ಸೆಲ್‌ನಲ್ಲಿ ಒಂದು ದಿನ ಎಂದರೆ 1, ಹಾಗಾಗಿ ಐದೂವರೆ ಗಂಟೆ ಎಂದರೆ ಅಷ್ಟು ಭಾಗ. ಸಮಯದ ತುದಿಯಲ್ಲಿ ಝೆಡ್ ಅಕ್ಷರ, ನಡುವೆ ಟಿ ಅಕ್ಷರ ಇದ್ದರೆ ಎಕ್ಸೆಲ್ ಅದನ್ನು ಬರೀ ಅಕ್ಷರವೆಂದು ತಿಳಿಯಬಹುದು. ಮೊದಲ ಹತ್ತು ಅಕ್ಷರಗಳನ್ನು ತಾರೀಖಾಗಿಯೂ, ಹನ್ನೆರಡನೆಯದರಿಂದ ಎಂಟು ಅಕ್ಷರಗಳನ್ನು ಸಮಯವಾಗಿಯೂ ಬೇರ್ಪಡಿಸಿ ಕೂಡಿಸಿಕೊಳ್ಳಬೇಕು. ಮೂಲ ಕಾಲಂ ಅಳಿಸಬೇಡಿ.

ಈಗ ಕನ್ನಡ ಒಡೆಯುವ ವಿಷಯ. ಬಹುಪಾಲು ಸಂದರ್ಭದಲ್ಲಿ ಫೈಲ್ ಸರಿಯಾಗಿಯೇ ಇರುತ್ತದೆ, ಕೆಡುವುದು ತೆರೆಯುವ ರೀತಿಯಿಂದ. ಸಿಎಸ್‌ವಿ ಯುಟಿಎಫ್-8ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಬರೆದಿಡುವ ಒಂದು ವಿಧಾನ) ಬಂದಿರುತ್ತದೆ. ಅದರಲ್ಲಿ ಒಂದು ಕನ್ನಡ ಅಕ್ಷರಸಂಕೇತಕ್ಕೆ ಮೂರು ಬೈಟ್. ಫೈಲ್‌ನ ತಲೆಯಲ್ಲಿ ಬಿಒಎಂ ಎಂಬ ಗುರುತಿನ ಮೂರು ಬೈಟ್ ಇಲ್ಲದಿದ್ದರೆ, ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಆ ಮೂರು ಬೈಟ್‌ಗಳನ್ನು ಮೂರು ಯುರೋಪಿಯನ್ ಚಿಹ್ನೆಗಳೆಂದು ಓದುತ್ತದೆ. ಹಾಗಾಗಿ ಸಿಎಸ್‌ವಿಯನ್ನು ಎಂದೂ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಟ್ಯಾಬ್‌ನಲ್ಲಿ "ಫ್ರಮ್ ಟೆಕ್ಸ್ಟ್/ಸಿಎಸ್‌ವಿ" ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001 ಯೂನಿಕೋಡ್ ಆಯ್ಕೆ ಮಾಡಿ, "ಟ್ರಾನ್ಸ್‌ಫಾರ್ಮ್ ಡೇಟಾ" ಒತ್ತಿ. ಅಲ್ಲಿ ಫೋನ್ ನಂಬರ್, ಐಡಿ, ಪಿನ್ ಕೋಡ್ ಕಾಲಂಗಳನ್ನು ಟೆಕ್ಸ್ಟ್ ಎಂದು ಬದಲಿಸಿ. ತಾರೀಖಿನ ಕಾಲಂಗೆ "ಯೂಸಿಂಗ್ ಲೊಕೇಲ್" ಎಂಬ ಆಯ್ಕೆಯಲ್ಲಿ ಫೈಲ್ ಯಾವ ದೇಶದ ಕ್ರಮದಲ್ಲಿದೆಯೋ ಅದನ್ನೇ ಕೊಡಿ. ಆಮೇಲೆ ಲೋಡ್ ಮಾಡಿ. ಈ ಹೆಜ್ಜೆಗಳು ಪವರ್ ಕ್ವೆರಿ ಎಂಬ ಎಕ್ಸೆಲ್ ಸೌಲಭ್ಯದಲ್ಲಿ ಕ್ವೆರಿಯಾಗಿ ಉಳಿಯುತ್ತವೆ. ಮುಂದಿನ ಸೋಮವಾರ ಹೊಸ ಫೈಲನ್ನು ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿಟ್ಟು ರಿಫ್ರೆಶ್ ಒತ್ತಿದರೆ ಸಾಕು.

ಆ ಟೆಕ್ಸ್ಟ್ ಮತ್ತು ಲೊಕೇಲ್ ಹೆಜ್ಜೆಗಳನ್ನು ಬಿಟ್ಟರೆ ಏನಾಗುತ್ತದೆ ಎಂದು ತಿಳಿದಿರಲಿ. ಅಮೆರಿಕನ್ ಕ್ರಮದ ತಾರೀಖು ನಮ್ಮ ಕ್ರಮದ ಕಂಪ್ಯೂಟರಿನಲ್ಲಿ ತೆರೆದಾಗ ಏಪ್ರಿಲ್ 3 ಸದ್ದಿಲ್ಲದೆ ಮಾರ್ಚ್ 4 ಆಗುತ್ತದೆ, ಏಪ್ರಿಲ್ 25 ಮಾತ್ರ ತಾರೀಖಾಗದೆ ಅಕ್ಷರವಾಗಿಯೇ ಉಳಿದು ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ. ತಾರೀಖಿನ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅರ್ಧ ಫೈಲ್ ಈಗಾಗಲೇ ತಿರುಚಿದೆ ಎಂದೇ ಅರ್ಥ, ಮತ್ತೆ ಮೊದಲಿಂದ ತೆರೆಯಿರಿ. 91 ಸೇರಿಸಿದ ಫೋನ್ ನಂಬರ್ 12 ಅಂಕಿಯಾದ್ದರಿಂದ 9.19E+11ನಂಥ ಘಾತದ ರೂಪದಲ್ಲಿ ಕಾಣುತ್ತದೆ. ಹಾಗೆ ಕಾಣುತ್ತಿರುವಾಗ ಸಿಎಸ್‌ವಿಯಾಗಿ ಮತ್ತೆ ಸೇವ್ ಮಾಡಿದರೆ ಕಂಡ ರೂಪವೇ ಉಳಿದು ನಂಬರ್ ಹೋಗುತ್ತದೆ. 15 ಅಂಕಿಗಿಂತ ಉದ್ದದ ಐಡಿಯ ಬಾಲವನ್ನು ಎಕ್ಸೆಲ್ ಸೊನ್ನೆ ಮಾಡುತ್ತದೆ.

ಕನ್ನಡದ ಒಡಕಿನಲ್ಲಿ ಇನ್ನೊಂದು ಬಗೆಯಿದೆ. ಸಹಕಾರ ಸಂಘಗಳ ಕಡತಗಳಲ್ಲಿ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳು ಬೇಕಾದಷ್ಟಿವೆ. ಅದನ್ನು ನಕಲು ಮಾಡಿ ಡೆಮೊದ ಫಾರ್ಮ್‌ನಲ್ಲಿ ಅಂಟಿಸಿದರೆ ಒಳಗೆ ಹೋಗುವುದೇ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅದಕ್ಕೆ 65001 ಮದ್ದಲ್ಲ. ಆ ಸಾಲುಗಳನ್ನು ಬೇರೆ ಮಾಡಿ ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಒಂದೇ ಫೈಲ್‌ನಲ್ಲಿ ಕೆಲವು ಹೆಸರು ಸರಿಹೋಗಿ ಕೆಲವು ಹಾಗೇ ಉಳಿದರೆ ಕಾರಣ ಇದೇ.

ಸಾಫ್ಟ್‌ವೇರ್ ತಾನೇ ತಯಾರಿಸುವ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದಿದ್ದರೆ, ಅಥವಾ ಖಾಲಿ ಚೌಕಗಳು ಕಂಡರೆ, ಅವರ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಥವಾ ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲ. ಅದೇ ಪುಟವನ್ನು ಕ್ರೋಮ್‌ನಲ್ಲಿ ತೆರೆದು, ಪ್ರಿಂಟ್ ಒತ್ತಿ, ಪಿಡಿಎಫ್ ಆಗಿ ಉಳಿಸಿ. ನಿಮ್ಮ ಕಂಪ್ಯೂಟರಿನ ಫಾಂಟ್ ಬಳಕೆಯಾಗುವುದರಿಂದ ಸರಿಯಾಗಿ ಬರುತ್ತದೆ.

ಸಿಆರ್‌ಎಂ ಜೊತೆ ತಾಳೆ ನೋಡುವಾಗ ಸಂಘದ ಹೆಸರನ್ನು ಹಿಡಿದು ಹೊಂದಿಸಲು ಹೋಗಬೇಡಿ. ಕನ್ನಡದಲ್ಲಿ ಕಣ್ಣಿಗೆ ಒಂದೇ ಆದ "ಕೊ" ಒಳಗೆ ಎರಡು ರೀತಿ ಇರಬಹುದು: ಸ್ವರಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಕೊಂಬಿನ ಎರಡು ಸಂಕೇತವಾಗಿ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೊಂದಿಸುವ ಎಕ್ಸೆಲ್ ಫಂಕ್ಷನ್ ವಿಲುಕಪ್‌ಗೆ (VLOOKUP) ಅವು ಬೇರೆ ಬೇರೆ. ಹೊಂದಿಸುವ ಕೀಲಿ ಇಮೇಲ್ ಆಗಲಿ, ಅದೂ ಸಣ್ಣಕ್ಷರಕ್ಕೆ ತಿರುಗಿಸಿ, ಹಿಂದುಮುಂದಿನ ಖಾಲಿ ಜಾಗ ತೆಗೆದು. ಇನ್ನೂ ಗಟ್ಟಿಯಾದದ್ದು, ಲಿಂಕ್ ಕಳಿಸುವಾಗಲೇ ಸಿಆರ್‌ಎಂನ ರೆಕಾರ್ಡ್ ಐಡಿಯನ್ನು ಲಿಂಕ್‌ನ ತುದಿಗೆ ಪ್ಯಾರಾಮೀಟರ್ ಆಗಿ ಸೇರಿಸುವುದು. ಅದು ಎಕ್ಸ್‌ಪೋರ್ಟ್‌ನಲ್ಲಿ ಒಂದು ಕಾಲಂ ಆಗಿ ಬರುತ್ತದೆಯೇ ಎಂದು ಮೊದಲೇ ಒಂದು ಸಲ ಪರೀಕ್ಷಿಸಿ. ಸೇಲ್ಸ್‌ಫೋರ್ಸ್ ಎಂಬ ಸಿಆರ್‌ಎಂ ಬಳಸುವವರು 18 ಅಕ್ಷರದ ಐಡಿಯನ್ನೇ ತೆಗೆದುಕೊಳ್ಳಬೇಕು. ಅಲ್ಲಿನ ರಿಪೋರ್ಟ್‌ಗಳು ಕೊಡುವ 15 ಅಕ್ಷರದ ಐಡಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವೇ ಎರಡು ದಾಖಲೆಗಳನ್ನು ಬೇರೆ ಮಾಡುತ್ತದೆ, ವಿಲುಕಪ್ ಆ ವ್ಯತ್ಯಾಸವನ್ನು ನೋಡುವುದಿಲ್ಲ. ಒಂದು ಸಂಘದ ವೀಕ್ಷಣೆ ಇನ್ನೊಂದರ ಲೆಕ್ಕಕ್ಕೆ ಬಿದ್ದರೂ ಯಾವ ಎಚ್ಚರಿಕೆಯೂ ಬರುವುದಿಲ್ಲ.

ಇಷ್ಟಾದರೂ "ಯಾರು ನೋಡಿದರು" ಎಂಬುದು ಪೂರ್ತಿ ಖಚಿತವಾಗುವುದಿಲ್ಲ, ಇದನ್ನು ಮ್ಯಾನೇಜರಿಗೆ ಮೊದಲೇ ಹೇಳಿಬಿಡಿ. ಹೆಸರಿಗೆ ಕಟ್ಟಿದ ಲಿಂಕನ್ನು ಕಾರ್ಯದರ್ಶಿಗಳು ನಾಲ್ವರಿಗೆ ಫಾರ್ವರ್ಡ್ ಮಾಡಿದರೆ ನಾಲ್ವರೂ ಕಾರ್ಯದರ್ಶಿಗಳ ಹೆಸರಲ್ಲೇ ದಾಖಲಾಗುತ್ತಾರೆ. ಒಂದೇ ಹೆಸರಿನಲ್ಲಿ ಒಂದೇ ದಿನ ಮೂರು ಬಗೆಯ ಫೋನ್ ಕಂಡರೆ ಹಾಗೆ ಆಗಿದೆ ಎಂದು ಊಹಿಸಬಹುದು, ಮತ್ತು ಡೀಲ್ ದೃಷ್ಟಿಯಿಂದ ಅದು ಒಳ್ಳೆಯ ಸೂಚನೆಯೇ. ಇತ್ತ ಸಫಾರಿ ಬ್ರೌಸರ್, ಪುಟದ ಸ್ಕ್ರಿಪ್ಟ್ ಇಟ್ಟ ಕುಕಿಯನ್ನು (ನೋಡುಗರನ್ನು ಮತ್ತೆ ಗುರುತಿಸಲು ಬ್ರೌಸರ್‌ನಲ್ಲಿಡುವ ಸಣ್ಣ ದಾಖಲೆ) 7 ದಿನಕ್ಕಿಂತ ಹೆಚ್ಚು ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಐಫೋನ್‌ನಲ್ಲಿ ಹತ್ತು ದಿನ ಬಿಟ್ಟು ಮತ್ತೆ ನೋಡಿದವರು ಹೊಸಬರಾಗಿ ಎಣಿಕೆಯಾಗಬಹುದು. ಡೆಮೊವನ್ನು ನಿಮ್ಮ ವೆಬ್‌ಸೈಟ್‌ನೊಳಗೆ ಐಫ್ರೇಮ್‌ನಲ್ಲಿ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಕೂರಿಸಿದ್ದರೆ ಸಫಾರಿ ಅದರ ಕುಕಿಯನ್ನೇ ತಡೆಯುತ್ತದೆ. "ವಿಶಿಷ್ಟ ವೀಕ್ಷಕರು" ಎಂಬ ಸಂಖ್ಯೆಯ ಮೇಲೆ ಹೆಚ್ಚು ಭಾರ ಹಾಕದೆ "ಎಷ್ಟು ಸಂಘಗಳಲ್ಲಿ ಕನಿಷ್ಠ ಒಬ್ಬರು ಅರ್ಧಕ್ಕಿಂತ ಹೆಚ್ಚು ನೋಡಿದರು" ಎಂಬುದನ್ನು ಮುಖ್ಯ ಸಂಖ್ಯೆಯಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಮೇಲಿನ ಎಲ್ಲ ಏರುಪೇರುಗಳಿಗೂ ಅದು ಕಡಿಮೆ ಅಲುಗುತ್ತದೆ.

ಈಗ ಹಂಚುವ ಮಾತು. ಒಂದೇ ಫೈಲನ್ನು ಎಲ್ಲರಿಗೂ ಕಳಿಸುವುದರಿಂದಲೇ ಯಾರೂ ಅದನ್ನು ತೆರೆಯುವುದಿಲ್ಲ. ಸೇಲ್ಸ್‌ನವರಿಗೆ ಸೋಮವಾರದ ರಿಪೋರ್ಟ್ ತಡವಾದ ಸುದ್ದಿ. ಗುರುವಾರ ಲೆಕ್ಕಿಗರು ಬಡ್ಡಿಯ ಸ್ಕ್ರೀನ್‌ನಲ್ಲಿ ನಿಂತದ್ದು ಗುರುವಾರವೇ ಗೊತ್ತಾಗಬೇಕು. ಅದಕ್ಕೆ ಡೆಮೊ ಸಾಫ್ಟ್‌ವೇರ್‌ನ ಸಿಆರ್‌ಎಂ ಜೋಡಣೆ ಅಥವಾ ಮೇಲ್, ಸ್ಲ್ಯಾಕ್ ಸೂಚನೆ ಬಳಸಿ, ಸೂಚನೆಗೂ ಅದೇ 10 ಸೆಕೆಂಡ್ ನಿಯಮ ಹಾಕಿ. ಇಲ್ಲದಿದ್ದರೆ ಸ್ಕ್ಯಾನರ್‌ಗಳ ಸೂಚನೆ ನೋಡಿ ನೋಡಿ ಎರಡೇ ವಾರದಲ್ಲಿ ಎಲ್ಲರೂ ಮ್ಯೂಟ್ ಮಾಡುತ್ತಾರೆ. ಮ್ಯಾನೇಜರಿಗೆ ವಾರಕ್ಕೊಂದು ಪುಟದ ಪಿಡಿಎಫ್ ಸಾಕು. ಇಲ್ಲಿ ಲೈವ್ ಲಿಂಕ್‌ಗಿಂತ ಹೆಪ್ಪುಗಟ್ಟಿದ ಪ್ರತಿಯೇ ಒಳ್ಳೆಯದು: ಸೋಮವಾರದ ಸಭೆಯಲ್ಲಿ ಹೇಳಿದ ಸಂಖ್ಯೆ ಬುಧವಾರ ಬದಲಾಗಿರಬಾರದು. ಡೆಮೊ ತಯಾರಿಸುವ ತಂಡಕ್ಕೆ ಮಾತ್ರ ಲೈವ್ ಲಿಂಕ್ ಕೊಡಿ, ಯಾವ ಸ್ಕ್ರೀನ್‌ನಲ್ಲಿ ಎಷ್ಟು ಜನ ಬಿಟ್ಟುಹೋಗುತ್ತಾರೆ ಎಂದು ಅವರು ದಿನವೂ ನೋಡಬೇಕಾಗುತ್ತದೆ. ಅವರಿಗೆ ಹೆಸರು, ಇಮೇಲ್ ಕಾಲಂ ಬೇಕಾಗಿಲ್ಲ.

ಪಿಡಿಎಫ್‌ನ ಮೇಲ್ಭಾಗದಲ್ಲಿ ಎರಡು ಸಾಲು ತಪ್ಪದೆ ಇರಲಿ. ಅವಧಿ ಯಾವುದು, ಯಾವ ಟೈಮ್ ಝೋನ್, ಯಾವಾಗ ಇಳಿಸಿದ್ದು ಎಂದು ಒಂದು. ವೀಕ್ಷಣೆ ಎಂದರೆ ಏನು, ಯಾರನ್ನು ಹೊರಗಿಡಲಾಗಿದೆ ಎಂದು ಇನ್ನೊಂದು. "ಯಾವುದು ಸರಿ" ಎಂಬ ಪ್ರಶ್ನೆ ಮತ್ತೆ ಬರುವುದನ್ನು ತಡೆಯುವುದು ಈ ಎರಡು ಸಾಲುಗಳೇ. ಇಳಿಸಿದ ಮೂಲ ಸಿಎಸ್‌ವಿಯನ್ನು ತಾರೀಖು ಸೇರಿಸಿದ ಹೆಸರಿನಲ್ಲಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ, ಬೇರೆ ಫೋಲ್ಡರಿನಲ್ಲಿ ಮುಟ್ಟದೆ ಇಡಿ. ರಿಫ್ರೆಶ್‌ಗೆ ಬೇಕಾದದ್ದು ಅದರ ನಕಲು.

ಎಕ್ಸೆಲ್ ಫೈಲನ್ನೇ ಕಳಿಸಬೇಕಾದಾಗ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಕೋಷ್ಟಕ) ವಿಷಯದಲ್ಲಿ ಬಹಳ ಎಚ್ಚರ ಬೇಕು. ಮೂಲ ಶೀಟ್ ಅಳಿಸಿ ಪಿವಟ್ ಮಾತ್ರ ಉಳಿಸಿದರೂ ಅದರ ಒಳಗೆ ಕ್ಯಾಶ್ ಎಂಬ ಅಡಗಿದ ನಕಲಿನಲ್ಲಿ ಎಲ್ಲ ಸಾಲುಗಳೂ ಇರುತ್ತವೆ. ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಇಮೇಲ್, ಫೋನ್ ಸಮೇತ ಹೊಸ ಶೀಟ್‌ನಲ್ಲಿ ಹರಡಿಕೊಳ್ಳುತ್ತವೆ. ಪಿವಟ್ ಆಪ್ಷನ್ಸ್‌ನ ಡೇಟಾ ಟ್ಯಾಬ್‌ನಲ್ಲಿ "ಸೇವ್ ಸೋರ್ಸ್ ಡೇಟಾ ವಿತ್ ಫೈಲ್" ಟಿಕ್ ತೆಗೆಯಿರಿ. ಅದಕ್ಕಿಂತ ಸುರಕ್ಷಿತ ದಾರಿ, ಪಿವಟನ್ನು ನಕಲಿಸಿ ಹೊಸ ಫೈಲ್‌ನಲ್ಲಿ "ಪೇಸ್ಟ್ ವ್ಯಾಲ್ಯೂಸ್" ಮಾಡುವುದು. ಕಾಲಂ ಹೈಡ್ ಮಾಡುವುದು ರಕ್ಷಣೆಯೇ ಅಲ್ಲ. ಗೂಗಲ್ ಶೀಟ್ಸ್‌ನಲ್ಲಿ "ಲಿಂಕ್ ಇರುವ ಯಾರಾದರೂ" ಎಂಬ ಆಯ್ಕೆ ಬೇಡ, ಹೆಸರು ಹಾಕಿಯೇ ಕೊಡಿ. ಗೂಗಲ್‌ನ ರಿಪೋರ್ಟ್ ಸಾಧನ ಲುಕರ್ ಸ್ಟುಡಿಯೊದಲ್ಲಿ ಡೇಟಾ ಸೋರ್ಸ್ ಮಾಲೀಕರ ಅನುಮತಿಯಲ್ಲಿ ಓಡುವಂತೆ ಇಟ್ಟಿದ್ದರೆ, ರಿಪೋರ್ಟ್ ನೋಡುವವರಿಗೆ ಮೂಲ ಶೀಟ್‌ಗೆ ಪ್ರವೇಶವಿಲ್ಲದಿದ್ದರೂ ರಿಪೋರ್ಟ್‌ನಲ್ಲಿ ಹಾಕಿದ್ದೆಲ್ಲ ಕಾಣುತ್ತದೆ. ಹಾಕುವ ಮೊದಲೇ ಇಮೇಲ್ ಕಾಲಂ ಇಲ್ಲದ ನಕಲು ಶೀಟ್ ಮಾಡಿಕೊಂಡು ಅದಕ್ಕೆ ಜೋಡಿಸಿ.

ಫಾರ್ಮ್‌ನಲ್ಲಿ ಹೊರಗಿನವರು ತುಂಬಿದ ಮಾಹಿತಿ ಇರುವುದರಿಂದ ಇನ್ನೊಂದು ಅಪಾಯವೂ ಇದೆ. ಸಮ ಚಿಹ್ನೆ, ಕೂಡು, ಕಳೆ ಅಥವಾ ಅಟ್ ಚಿಹ್ನೆಯಿಂದ ಶುರುವಾಗುವ ಬರಹವನ್ನು ಎಕ್ಸೆಲ್ ಸೂತ್ರವೆಂದು ತಿಳಿಯಬಹುದು. ಕೆಟ್ಟ ಉದ್ದೇಶದವರು ಹೆಸರಿನ ಜಾಗದಲ್ಲಿ ಸೂತ್ರವನ್ನೇ ತುಂಬಬಹುದು. ಪವರ್ ಕ್ವೆರಿಯಲ್ಲಿ ಆ ಕಾಲಂಗಳನ್ನು ಟೆಕ್ಸ್ಟ್ ಮಾಡಿ ತಂದರೆ ಈ ತೊಂದರೆ ತಪ್ಪುತ್ತದೆ. ಮೂಲ ಸಿಎಸ್‌ವಿಯನ್ನು ಯಾರಿಗೂ ಫಾರ್ವರ್ಡ್ ಮಾಡದಿರಲು ಇದೂ ಒಂದು ಕಾರಣ.

ವಾರವಾರದ ಕೆಲಸವನ್ನು ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ನೇರವಾಗಿ ಮಾಹಿತಿ ಪಡೆಯುವ ದಾರಿ) ಮೂಲಕ ತಾನಾಗಿ ನಡೆಯುವಂತೆ ಮಾಡುವುದಾದರೆ ಪುಟ ಪುಟವಾಗಿ ಬರುವ ಸಾಲುಗಳನ್ನು ಕೊನೆಯ ಪುಟದ ತನಕ ತರುತ್ತಿದೆಯೇ ನೋಡಿ. ಪ್ರತಿ ವಾರವೂ ಸರಿಯಾಗಿ 100 ಅಥವಾ 500 ಸಾಲು ಬರುತ್ತಿದ್ದರೆ ಮೊದಲ ಪುಟ ಮಾತ್ರ ಬರುತ್ತಿದೆ. ಎಪಿಐ ಕೀಯನ್ನು (ಅದರ ಪ್ರವೇಶದ ಗುಪ್ತ ಸಂಕೇತ) ಶೀಟ್‌ನ ಸೆಲ್‌ನಲ್ಲಿ ಬರೆದಿಡಬೇಡಿ. ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್ ಆದರೆ ಸ್ಕ್ರಿಪ್ಟ್ ಪ್ರಾಪರ್ಟೀಸ್‌ನಲ್ಲಿ ಇಡಿ, ಮತ್ತು ಒಂದು ಓಟಕ್ಕೆ ಅದರ ಮಿತಿ 6 ನಿಮಿಷ ಎಂಬುದು ನೆನಪಿರಲಿ.

ಕಡೆಯದಾಗಿ ಕಾರ್ಯದರ್ಶಿಗಳ ಕೋರಿಕೆ. ಹೆಸರುಗಳ ಪಟ್ಟಿ ಕೊಡಬೇಡಿ. ನಿರ್ದೇಶಕರು ತಮ್ಮ ಇಮೇಲ್ ಕೊಟ್ಟದ್ದು ಡೆಮೊ ನೋಡುವುದಕ್ಕೆ. ತಾವು ನೋಡಿದೆವೋ ಬಿಟ್ಟೆವೋ ಎಂಬುದನ್ನು ಆಡಳಿತ ಮಂಡಳಿಯ ಸಭೆಗೆ ಮುಂಚೆ ಕಾರ್ಯದರ್ಶಿಗಳಿಗೆ ತಿಳಿಸಲಿ ಎಂದು ಅವರು ಒಪ್ಪಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ, ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದಿರೋ ಅದಕ್ಕೆ ಮಾತ್ರ ಬಳಸಬೇಕು ಎಂಬುದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗುತ್ತಿವೆ. ಮಾಹಿತಿಯ ಸುರಕ್ಷತೆಗೆ ತಕ್ಕ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಕಾಯ್ದೆ ಬದಿಗಿರಲಿ, "ನಾನು ನೋಡಿಲ್ಲ ಅಂತ ಇವರೇ ಹೇಳಿದರು" ಎಂದು ಒಬ್ಬ ನಿರ್ದೇಶಕರಿಗೆ ಅನ್ನಿಸಿದರೆ ಸಭೆಯಲ್ಲಿ ನಿಮ್ಮ ಸಾಫ್ಟ್‌ವೇರ್‌ಗೆ ಒಂದು ವಿರೋಧ ಖಚಿತ.

ಬದಲಿಗೆ ಒಟ್ಟು ಲೆಕ್ಕ ಕೊಡಿ: "ನಿಮ್ಮ ಸಂಘದಿಂದ ಡೆಮೊ ತೆರೆಯಲಾಗಿದೆ, ಹೆಚ್ಚು ಹೊತ್ತು ನೋಡಿದ್ದು ಸಾಲ ವಸೂಲಿ ಮತ್ತು ಬಡ್ಡಿ ಲೆಕ್ಕದ ಸ್ಕ್ರೀನ್‌ಗಳನ್ನು, ಸಭೆಗೆ ಬಂದು ಅವನ್ನೇ ವಿವರವಾಗಿ ತೋರಿಸುತ್ತೇವೆ." ನೋಡಿದವರು ಇಬ್ಬರೋ ಮೂವರೋ ಆಗಿದ್ದರೆ ತಲೆ ಎಣಿಕೆಯನ್ನೂ ಹೇಳಬೇಡಿ, ಅಷ್ಟು ಚಿಕ್ಕ ಮಂಡಳಿಯಲ್ಲಿ ಸಂಖ್ಯೆಯೇ ಹೆಸರು ಹೇಳಿಬಿಡುತ್ತದೆ. ಮುಂದಿನ ಡೆಮೊಗಳಿಗೆ ಇಮೇಲ್ ಕೇಳುವ ಫಾರ್ಮ್‌ನಲ್ಲೇ, ವೀಕ್ಷಣೆಯ ವಿವರ ನಮ್ಮ ಮಾರಾಟ ತಂಡಕ್ಕೆ ಕಾಣುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಹಾಕಿ. ಡೆಮೊ ಸಾಫ್ಟ್‌ವೇರ್‌ನಲ್ಲಿ ವೀಕ್ಷಕರ ವಿವರ ಎಷ್ಟು ತಿಂಗಳು ಉಳಿಯಬೇಕೆಂದು ನಿಗದಿ ಮಾಡುವ ಸೆಟ್ಟಿಂಗ್ ಇದ್ದರೆ, ಡೀಲ್ ಮುಗಿದ ಮೇಲೆ ನಿಮಗೆ ಎಷ್ಟು ಕಾಲ ಬೇಕೋ ಅಷ್ಟಕ್ಕೆ ಇಳಿಸಿ. ನಿಮ್ಮ ಫೋಲ್ಡರಿನಲ್ಲಿರುವ ಹಳೆಯ ಸಿಎಸ್‌ವಿಗಳಿಗೂ ಅದೇ ಗಡುವು ಅನ್ವಯಿಸಲಿ.